ರಜೆಯ ದಿನದ ಬೊಗಸೆ

ತಗಡಿನ ಮಾಡಿನ ಮೇಲೆ ಬೆಳಕು ಇನ್ನೂ ಬಿದ್ದಿಲ್ಲ. ಸವಾರಿ ಶಾಲೆಯ ಲಾಯದ ತುದಿಯಲ್ಲಿರುವ ಕಾಳಿನ ಕೋಣೆಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ತೊಲೆಯಿಂದ ಇಳಿಬಿಟ್ಟ ಹಳೆಯ ತಕ್ಕಡಿಯ ಮುಂದೆ, ನರೆತ ಕೂದಲಿನ ಒಬ್ಬರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಒಂದು ತಟ್ಟೆಯಲ್ಲಿ ಕಬ್ಬಿಣದ ತೂಕದ ಬಟ್ಟು, ಇನ್ನೊಂದರಲ್ಲಿ ಓಟ್ಸ್ ಕಾಳು. ನಡುವಿನ ಮುಳ್ಳು ಅತ್ತಿತ್ತ ತೂಗಾಡಿ ನಿಲ್ಲುವವರೆಗೂ ಅವರ ಕಣ್ಣು ಕದಲುವುದಿಲ್ಲ. ಹೊರಗೆ ಸಾಲು ಸಾಲಾಗಿ ಕುದುರೆಗಳು ಬಾಗಿಲು ಒದೆಯುತ್ತಿವೆ. ಬಕೆಟ್ಟಿನ ಸದ್ದೊಂದು ಕೇಳಿದರೆ ಸಾಕು, ಇಡೀ ಲಾಯಕ್ಕೆ ಹುಚ್ಚು ಹಿಡಿಯುತ್ತದೆ. ಅವರು ಮಾತ್ರ ತಟ್ಟೆಯಿಂದ ಒಂದು ಚಿಟಿಕೆ ಕಾಳನ್ನು ಚೀಲಕ್ಕೆ ಮರಳಿಸಿ, ಮತ್ತೆ ಮುಳ್ಳನ್ನು ನೋಡುತ್ತಾರೆ.

"ಒದೀಲಿ ಬಿಡಿ, ಬಾಗಿಲು ಗಟ್ಟಿ ಇದೆ," ಎನ್ನುತ್ತಾರೆ. "ಅವಸರ ಅವಕ್ಕೆ. ನನಗಲ್ಲ."

ಈ ಲಾಯದಲ್ಲಿ ಅವರನ್ನು ಎಲ್ಲರೂ ಕರೆಯುವುದು ತಕ್ಕಡಿ ಎಂದೇ. ಸವಾರಿ ಕಲಿಯಲು ಬರುವವರಿಗೆ ಅವರ ಮುಖಪರಿಚಯವೂ ಇಲ್ಲ. ಬರುವವರು ನೋಡುವುದು ಮಿರುಗುವ ಮೈಯ ಕುದುರೆಗಳನ್ನು, ಚರ್ಮದ ಬೂಟು ತೊಟ್ಟ ಸವಾರಿ ಮೇಷ್ಟ್ರನ್ನು. ಆ ಮಿರುಗು ಬ್ರಶ್ಶಿನಿಂದ ಬಂದದ್ದಲ್ಲ, ಹೊಟ್ಟೆಯಿಂದ ಬಂದದ್ದು ಎಂಬುದು ಲಾಯದ ಒಳಗಿನವರಿಗಷ್ಟೇ ಗೊತ್ತಿರುವ ಸಂಗತಿ. ಯಾವ ಕುದುರೆಗೆ ಎಷ್ಟು ಹುಲ್ಲು, ಎಷ್ಟು ಕಾಳು, ಯಾವುದಕ್ಕೆ ಬೂಸಾ, ಯಾವುದಕ್ಕೆ ಉಪ್ಪಿನ ಗಡ್ಡೆ ಎಂಬುದನ್ನೆಲ್ಲ ನಿರ್ಧರಿಸುವುದು ಈ ಒಂದು ಬಲ್ಬಿನ ಕೆಳಗೆ.

ಬೇರೆ ಕಡೆಗಳಲ್ಲಿ ಡಬ್ಬಿಯಿಂದ ಅಳೆದು ಸುರಿಯುತ್ತಾರೆ. ತಕ್ಕಡಿಯವರಿಗೆ ಡಬ್ಬಿ ಎಂದರೆ ಆಗದು. "ಅದೇ ಡಬ್ಬಿ ತುಂಬ ಓಟ್ಸ್ ಹಾಕಿ, ಅದೇ ಡಬ್ಬಿ ತುಂಬ ಜೋಳ ಹಾಕಿ. ಕಣ್ಣಿಗೆ ಒಂದೇ. ಕೈಲಿ ಎತ್ತಿ ನೋಡಿ, ಜೋಳ ಭಾರ. ಭಾರಕ್ಕೆ ತಕ್ಕ ಹಾಗೆ ಮೈಗೆ ಕಾವು. ಚೀಲ ಬದಲಾಯ್ತು ಅಂತ ಡಬ್ಬಿಗೆ ಗೊತ್ತಾಗುತ್ತಾ? ಹೊಟ್ಟೆಗೆ ಗೊತ್ತಾಗುತ್ತೆ."

ಮೊದಲು ನೀರು, ಆಮೇಲೆ ಒಣಹುಲ್ಲು, ಕಡೆಗೆ ಕಾಳು: ಈ ಕ್ರಮ ಇಲ್ಲಿ ತಪ್ಪುವುದಿಲ್ಲ. ಅಷ್ಟು ದೊಡ್ಡ ಮೈಯೊಳಗೆ ಜಠರ ಮಾತ್ರ ಬಹಳ ಸಣ್ಣದು. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯಲೆಂದೇ ಆದ ಪ್ರಾಣಿಯನ್ನು ಮನುಷ್ಯ ಬಾಗಿಲ ಹಿಂದೆ ಕಟ್ಟಿ, ತನ್ನ ಅನುಕೂಲಕ್ಕೆ ಹೊತ್ತು ಹೊತ್ತಿಗೆ ಉಣಿಸಲು ಹೊರಟಾಗಿನಿಂದ ಅದರ ಕರುಳಿನ ಕಷ್ಟಗಳು ಶುರುವಾದವು. ಇದನ್ನು ತಕ್ಕಡಿಯವರು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. "ನಮಗೆ ಹೆಚ್ಚಾದ್ರೆ ಕಕ್ಕಿಬಿಡ್ತೀವಿ. ಕುದುರೆಗೆ ವಾಂತಿ ಬರಲ್ಲ. ಒಳಗೆ ಹೋಗಿದ್ದು ಅಷ್ಟುದ್ದ ನಡೆದೇ ಆಚೆ ಬರ್ಬೇಕು. ಅದಕ್ಕೇ ಒಳಗೆ ಹಾಕೋ ಮುಂಚೆ ಯೋಚನೆ ಮಾಡ್ಬೇಕು."

ಈ ಬೆಳಗು ರಜೆಯ ಮರುದಿನದ್ದು. ವಾರಕ್ಕೊಮ್ಮೆ ಶಾಲೆ ಮುಚ್ಚಿ ಕುದುರೆಗಳು ಲಾಯದಲ್ಲೇ ನಿಂತಿರುವಾಗ ಅವುಗಳ ಕಾಳನ್ನು ಅರ್ಧಕ್ಕಿಳಿಸುವುದು ಇಲ್ಲಿನ ಕಟ್ಟುನಿಟ್ಟಿನ ಪದ್ಧತಿ. ಹುಲ್ಲು ಮಾತ್ರ ಎಂದಿನಷ್ಟೇ. ದುಡಿಯದ ಮೈಗೆ ದುಡಿಯುವ ದಿನದ ಕಾಳು ಸುರಿದರೆ, ಅದು ಸ್ನಾಯುಗಳಲ್ಲಿ ಕೂಡಿಕೊಂಡು ಕುಳಿತಿರುತ್ತದೆ. ಮರುದಿನ ಜೀನು ಬಿಗಿದು ಹೊರಟ ಕೂಡಲೇ ಸ್ನಾಯುಗಳೇ ಕುದುರೆಯ ಮೇಲೆ ತಿರುಗಿಬೀಳುತ್ತವೆ. ಹಿಂಬದಿಯ ಮಾಂಸಖಂಡಗಳು ಕಲ್ಲಾಗುತ್ತವೆ. ಒಡೆದ ಸ್ನಾಯುವಿನ ಬಣ್ಣ ರಕ್ತಕ್ಕೆ ಸೇರಿ, ಅಲ್ಲಿಂದ ಮೂತ್ರಪಿಂಡಕ್ಕೆ ಇಳಿದು ಅದನ್ನೇ ಕಟ್ಟಿಹಾಕುತ್ತದೆ. ಹೆಚ್ಚಾಗಿ ಈ ಬೇನೆ ಬರುವುದು ಚೆನ್ನಾಗಿ ಸಾಕಿದ ಕುದುರೆಗಳಿಗೆ.

ಅಂಥ ಚೆನ್ನಾಗಿ ಸಾಕಿದ ಕುದುರೆಯೊಂದರ ಹೆಸರು ಸಾಹುಕಾರ. ಹೆಸರೇ ಹೇಳುವಂತೆ ತುಂಬಿದ ಮೈ, ನಿಧಾನದ ನಡಿಗೆ, ಎದುರಿಗೆ ಬಂದವರೆಲ್ಲ ತನಗೆ ಏನಾದರೂ ತಂದಿರಬೇಕೆಂಬ ಗತ್ತು. ಹೊಸಬರು ಮೊದಲು ಹತ್ತುವುದು ಇವನ ಬೆನ್ನನ್ನೇ. ಇವನ ಮೈ ತಿಕ್ಕುವುದು, ಗೊರಸು ಕೆರೆಯುವುದು, ಜೀನು ಬಿಗಿಯುವುದು ಎಲ್ಲವೂ ತಕ್ಕಡಿಯವರ ಹೆಂಡತಿಯ ತಮ್ಮನ ಪಾಲಿನ ಕೆಲಸ. ಸಾಹುಕಾರನನ್ನು ಮರಿಯಾಗಿದ್ದಾಗಿನಿಂದ ಕೈಯಾರೆ ಬೆಳೆಸಿದವನು ಈ ಮೈದುನ. ಮದುವೆಯ ಮಾತೆತ್ತಿದರೆ "ಮೊದಲು ಸಾಹುಕಾರನ್ನ ಕೇಳಿ" ಎಂದು ಜಾರಿಕೊಳ್ಳುವವನು.

ಸಾಹುಕಾರ ಈ ದಿನ ಬಾಗಿಲಿನಿಂದ ಹೊರಗೆ ಬರುವಾಗಲೇ ಕುಣಿಯುತ್ತಾನೆ. ಕುತ್ತಿಗೆ ಬಿಲ್ಲಾಗಿದೆ, ಬಾಲ ಎತ್ತರದಲ್ಲಿದೆ. ತಕ್ಕಡಿಯವರು ಖಾಲಿ ಬಕೆಟ್ಟುಗಳನ್ನು ಜೋಡಿಸುವ ಕೈಯನ್ನು ನಿಲ್ಲಿಸಿ ನೋಡುತ್ತಾರೆ.

"ಏನಪ್ಪಾ, ಇವತ್ತು ಜಾಸ್ತಿ ಜೋರು."

"ನಿನ್ನೆ ನಿದ್ದೆ ಚೆನ್ನಾಗಿ ಬಂದಿದೆ ಭಾವ," ಎಂದು ಮೈದುನ ನಗುತ್ತಾನೆ. ಅಂಗಳದ ಗೇಟು ದಾಟಿ ಕುದುರೆಗಳ ಸಾಲು ಮೈದಾನದ ದಾರಿ ಹಿಡಿಯುತ್ತದೆ. ಎಲ್ಲಕ್ಕಿಂತ ಮುಂದೆ ಮೇಷ್ಟ್ರು, ಕೊನೆಯಲ್ಲಿ ಸಾಹುಕಾರನ ಮೇಲೆ ಮೈದುನ.

ಬಕೆಟ್ಟುಗಳನ್ನು ತೊಳೆದು ಮುಗಿಸುವ ಮೊದಲೇ ತಕ್ಕಡಿಯವರ ಫೋನು ಬಡಿದುಕೊಳ್ಳುತ್ತದೆ.

"ಭಾವ, ಸಾಹುಕಾರ ನಿಂತ್ಬಿಟ್ಟ."

"ನಿಂತ್ಬಿಟ್ಟ ಅಂದ್ರೆ?"

"ಬರ್ತಾನೇ ಇಲ್ಲ. ಬೆವರು ಸುರೀತಿದೆ. ಬೇಗ ಬನ್ನಿ ಭಾವ."

ಬೇಕರಿಯ ಹಿಂದಿನ ಓಣಿ ಅದು. ಎರಡೂ ಬದಿಗೆ ಎತ್ತರದ ಗೋಡೆ, ನಡುವೆ ಒಂದು ವ್ಯಾನು ಹೋಗುವಷ್ಟೇ ಜಾಗ. ಆ ಜಾಗದಲ್ಲಿ ಸಾಹುಕಾರ ನೆಲಕ್ಕೆ ಬೇರು ಬಿಟ್ಟವನಂತೆ ನಿಂತಿದ್ದಾನೆ. ಮುಂಜಾನೆಯ ಚಳಿಯಲ್ಲೂ ಅವನ ಪಕ್ಕೆಗಳಿಂದ ಬೆವರು ತೊಟ್ಟಿಕ್ಕುತ್ತಿದೆ. ಮೂಗಿನ ಹೊಳ್ಳೆಗಳು ಅಗಲವಾಗಿ ತೆರೆದುಕೊಂಡಿವೆ. ಮುಂಗಾಲಿನಿಂದ ನೆಲ ಕೆರೆಯುತ್ತಾನೆ, ತಿರುಗಿ ತನ್ನ ಹೊಟ್ಟೆಯ ಕಡೆ ನೋಡುತ್ತಾನೆ. ಮೈದುನ ಕೆಳಗಿಳಿದು ಲಗಾಮು ಹಿಡಿದು ಎಳೆಯುತ್ತಿದ್ದಾನೆ. ಉಳಿದ ಕುದುರೆಗಳನ್ನು ಮೈದಾನದಲ್ಲಿ ಬೇರೆಯವರಿಗೆ ಒಪ್ಪಿಸಿ ಮೇಷ್ಟ್ರು ಓಡಿ ಬಂದಿದ್ದಾರೆ. ಹಿಂದೆ, ಬೇಕರಿಯ ಮುಂಬಾಗಿಲಲ್ಲಿ ಬ್ರೆಡ್ ತುಂಬಿಕೊಂಡು ಓಣಿಗೆ ತಿರುಗಿದ ವ್ಯಾನು, ಅದರ ಚಾಲಕನ ಕೈ ಹಾರ್ನಿನ ಮೇಲೆ.

ಯಾರು ಕಂಡರೂ ಹೊಟ್ಟೆನೋವು ಎನ್ನುವ ದೃಶ್ಯ. ಹೊಟ್ಟೆನೋವಿನ ಕುದುರೆ ಬಿದ್ದು ಹೊರಳಾಡದಂತೆ ನಿಧಾನವಾಗಿ ನಡೆಸಬೇಕೆಂಬುದು ಲಾಯದವರ ಕೈಕಾಲಿನಲ್ಲೇ ಇರುವ ಪಾಠ. ತಕ್ಕಡಿಯವರೂ ಲಗಾಮಿಗೆ ಕೈ ಹಾಕುತ್ತಾರೆ. "ನಡೆಸು, ನಡೆಸು, ಮಲಗೋಕೆ ಬಿಡ್ಬೇಡ." ಇಬ್ಬರೂ ಸೇರಿ ಎಳೆದಾಗ ಸಾಹುಕಾರ ಒಂದು ಹೆಜ್ಜೆ ಇಡುತ್ತಾನೆ, ಇನ್ನೊಂದು ಇಡುತ್ತಾನೆ, ಹಿಂಗಾಲುಗಳು ನಡುಗಿ ಒಳಗೆ ಮಡಚಿಕೊಳ್ಳುತ್ತವೆ.

ಆಗ ಅವರ ಕೈ ಲಗಾಮು ಬಿಟ್ಟು ಕುದುರೆಯ ಹಿಂಬದಿಗೆ ಹೋಗುತ್ತದೆ. ಅಂಗೈ ಒತ್ತುತ್ತಾರೆ. ಮಾಂಸ ಒಳಗೆ ಹೋಗುವುದಿಲ್ಲ. ಹಲಗೆ ಮುಟ್ಟಿದಂತೆ.

"ನಿಲ್ಸು," ಎನ್ನುತ್ತಾರೆ. ಅವರ ದನಿ ತಗ್ಗಿದೆ. "ಒಂದು ಹೆಜ್ಜೆ ಕೂಡ ಬೇಡ."

"ಬಿದ್ದು ಹೊರಳಾಡಿದ್ರೆ ಕರುಳು ತಿರುಚಿಕೊಳ್ಳುತ್ತೆ ಭಾವ, ನೀವೇ ಹೇಳ್ಕೊಟ್ಟಿದ್ದು."

"ಹೇಳ್ಕೊಟ್ಟಿದ್ದು ಕರುಳಿಗೆ. ಇದು ಕರುಳಲ್ಲ ಅನ್ಸುತ್ತೆ. ಬಿಡು ಅಂದ್ನಲ್ಲ."

ಈ ಹಲಗೆಯಂಥ ಗಡಸನ್ನು ಅವರು ಹಿಂದೊಮ್ಮೆ ಮುಟ್ಟಿದ್ದಾರೆ. ಹಿಟ್ಟಿನ ಗಿರಣಿಯಲ್ಲಿ ಮೂಟೆ ತೂಗುತ್ತಿದ್ದ ಅವರನ್ನು, ಮದುವೆಯಾದ ಹೊಸದರಲ್ಲಿ ಮಾವನವರೇ ಈ ಲಾಯಕ್ಕೆ ಕರೆತಂದದ್ದು. ಮಾವ ಆಗ ಇಲ್ಲಿ ಕಾಳು ನೋಡಿಕೊಳ್ಳುತ್ತಿದ್ದವರು. ಅವರ ಕಾಲದಲ್ಲಿ ಒಂದು ಕಂದು ಹೆಣ್ಣು ಕುದುರೆ ರಜೆಯ ಮರುದಿನ ಹೀಗೆಯೇ ನಿಂತಿತು. ಹೊಟ್ಟೆನೋವೆಂದೇ ತಿಳಿದು, ಸರದಿಯ ಮೇಲೆ ಎಲ್ಲರೂ ಅದನ್ನು ಅಂಗಳದ ಸುತ್ತ ನಡೆಸಿದರು. ಒಳ್ಳೆಯದಾಗಲೆಂದೇ ನಡೆಸಿದರು. ಸಂಜೆಯ ಹೊತ್ತಿಗೆ ಅದು ನೆಲ ಹಿಡಿಯಿತು, ಮತ್ತೆ ಏಳಲಿಲ್ಲ. ಆ ಸಾಲಿನಲ್ಲಿ ಲಗಾಮು ಹಿಡಿದು ಸುತ್ತಿದವರಲ್ಲಿ ಗಿರಣಿಯಿಂದ ಬಂದ ಹೊಸ ಅಳಿಯನೂ ಒಬ್ಬ.

ವ್ಯಾನಿನವನು ಕಿಟಕಿಯಿಂದ ತಲೆ ಹೊರಹಾಕುತ್ತಾನೆ. "ಯಜಮಾನ್ರೇ, ಅದನ್ನ ಪಕ್ಕಕ್ಕೆ ಹಾಕಿ. ಬ್ರೆಡ್ಡು ಬಿಸಿ ಇರೋವಾಗ್ಲೇ ಅಂಗಡಿ ಮುಟ್ಬೇಕು."

"ಪಕ್ಕ ಎಲ್ಲಿದೆ ತೋರ್ಸಪ್ಪ."

"ನಾಕು ಹೆಜ್ಜೆ ಮುಂದೆ ನಡೆಸಿದ್ರೆ ನಮ್ಮ ಬೇಕರಿ ಅಂಗಳ ಸಿಗುತ್ತೆ."

"ಆ ನಾಕು ಹೆಜ್ಜೇಲಿ ಇವನು ಸಾಯ್ತಾನೆ."

ಚಾಲಕ ಹಾರ್ನಿನಿಂದ ಕೈ ತೆಗೆಯುತ್ತಾನೆ. ಕೆಳಗಿಳಿದು ಬರುವುದಿಲ್ಲ, ಅವನಿಗೆ ಕುದುರೆ ಎಂದರೆ ಭಯ, ಮೊದಲಿನಿಂದಲೂ.

ಪಶುವೈದ್ಯೆಗೆ ಫೋನು ಹೋಗುತ್ತದೆ. ಲಾಯಕ್ಕೆ ಬಹಳ ಕಾಲದಿಂದ ಬರುವ ಡಾಕ್ಟರಮ್ಮ ಅವರು. ಕಾರು ಹತ್ತಿ ಹೊರಟ ಸದ್ದು ಫೋನಿನಲ್ಲೇ ಕೇಳುತ್ತದೆ. ತಕ್ಕಡಿಯವರು ಎಲ್ಲರಿಗೂ ಕೇಳುವಂತೆ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿಯುತ್ತಾರೆ.

"ನಡೆಸಿದ್ರಾ?"

"ಎರಡು ಹೆಜ್ಜೆ ನಡೆಸ್ಬಿಟ್ಟೆ ಡಾಕ್ಟರಮ್ಮ."

"ಸಾಕು, ಇನ್ನು ಬೇಡ. ಜೀನು ತೆಗೀರಿ. ಸೊಂಟದ ಮೇಲೆ ಕಂಬಳಿ ಹೊದಿಸಿ. ನೀರು ಮುಂದೆ ಇಡಿ, ಕುಡಿದ್ರೆ ಕುಡೀಲಿ. ನಿನ್ನೆ ಏನು ತಿಂದಿದಾನೆ?"

"ರಜೆ ದಿನದ್ದು. ಅರ್ಧ ಕಾಳು, ಪೂರ್ತಿ ಹುಲ್ಲು. ನಾನೇ ತೂಗಿದೀನಿ."

"ಯಜಮಾನ್ರೇ, ನೀವು ತೂಗಿದ್ದು ನಾನು ಒಪ್ತೀನಿ. ನಾನು ಕೇಳ್ತಿರೋದು ಅವನು ತಿಂದಿದ್ದು."

ಮೈದುನ ಜೀನಿನ ಪಟ್ಟಿಯನ್ನು ಬಿಚ್ಚುವುದರಲ್ಲಿ ಅತಿಯಾಗಿ ಮಗ್ನನಾಗಿದ್ದಾನೆ. ಮೇಷ್ಟ್ರು ತಮ್ಮ ಬೂಟಿನ ತುದಿಯನ್ನು ನೋಡುತ್ತಿದ್ದಾರೆ. ಅಷ್ಟರಲ್ಲಿ ಸಾಹುಕಾರ ಹಿಂಗಾಲುಗಳನ್ನು ಕಷ್ಟಪಟ್ಟು ಅಗಲಿಸುತ್ತಾನೆ. ಸಿಮೆಂಟಿನ ನೆಲದ ಮೇಲೆ ಮೂತ್ರ ಬೀಳುತ್ತದೆ, ಸ್ವಲ್ಪವೇ. ಅದರ ಬಣ್ಣ ಹಾಲು ಹಾಕದ ಕಾಫಿಯದು.

ತಕ್ಕಡಿಯವರು ಬಣ್ಣವನ್ನು ಹೇಳುತ್ತಾರೆ. ಫೋನಿನ ಆ ಕಡೆ ಕಾರಿನ ವೇಗ ಹೆಚ್ಚಿದ್ದು ಕೇಳಿಸುತ್ತದೆ.

"ಹಾಗಾದ್ರೆ ಸ್ನಾಯುನೇ. ಈಗ ಎಲ್ರೂ ಕೇಳಿ. ಅವನ ಮೂತ್ರಪಿಂಡ ಉಳಿಸ್ಕೋಬೇಕು, ಅದಕ್ಕೆ ಎಷ್ಟು ನೀರು ಒಳಗೆ ಹಾಕ್ಬೇಕು ಅಂತ ನಾನು ಲೆಕ್ಕ ಹಾಕ್ತೀನಿ. ಆದ್ರೆ ಕಾಳು ತುಂಬಾ ಹೋಗಿದ್ರೆ ಅದು ಗೊರಸಿಗೂ ಇಳಿಯುತ್ತೆ. ಗೊರಸಿನ ಒಳಗೆ ಊತ ಬಂದ್ರೆ, ಇದರಿಂದ ಬದುಕಿದ್ರೂ ಅವನು ಮತ್ತೆ ನಡೆಯೋದಿಲ್ಲ. ಈಗ್ಲೇ ಐಸ್ ಇಡ್ಬೇಕಾ ಬೇಡ್ವಾ ಅಂತ ನನಗೆ ಗೊತ್ತಾಗ್ಬೇಕು. ಯಾರನ್ನೂ ಬೈಯಲ್ಲ. ಎಷ್ಟು ಅಂತ ಹೇಳಿ."

ಮೈದುನನ ಕೈ ನಿಲ್ಲುತ್ತದೆ.

"ಒಂದು ಬೊಗಸೆ," ಎನ್ನುತ್ತಾನೆ.

"ಒಂದೇನಾ?" ತಕ್ಕಡಿಯವರು ಅವನತ್ತ ತಿರುಗುತ್ತಾರೆ.

"ಬೆಳಿಗ್ಗೆ ಒಂದು. ಸಂಜೆ ಒಂದು." ಜೀನನ್ನು ಕೆಳಗಿಳಿಸಿ, "ಮಧ್ಯಾಹ್ನ ನನ್ನ ಮುಖ ನೋಡ್ದ."

"ಮುಖ ನೋಡಿದ್ದಕ್ಕೆ ಕೊಟ್ಟೆಯಾ?"

"ಹೇಗೆ ನೋಡ್ದ ಅಂತ ನಿಮಗೇನು ಗೊತ್ತು ಭಾವ. ನೀವಾದ್ರೆ ಅರ್ಧ ಹಾಕಿ ಹೋಗ್ಬಿಡ್ತೀರಿ. ಖಾಲಿ ಬಕೆಟ್ ಬಡಿಯೋದನ್ನ ಇಡೀ ದಿನ ಕೇಳೋನು ನಾನು."

ಶಿಷ್ಯರ ಮೇಲೆ ಗುಡುಗುವ ಮೇಷ್ಟ್ರು ಈಗ ಮೆಲ್ಲಗೆ ಹೇಳುತ್ತಾರೆ: "ನಾನೂ ಸ್ವಲ್ಪ ಕೊಟ್ಟೆ ಡಾಕ್ಟ್ರೇ. ಹಿಂದಿನ ದಿನ ಪಾಪ, ಬ್ಯಾಂಕಿನ ಆ ದಪ್ಪನೆಯವರನ್ನ ಹೊತ್ಕೊಂಡು ಮೈದಾನ ಪೂರ್ತಿ ಸುತ್ತಿದ್ದ. ಕಾಳಿನ ಕೋಣೆ ಬಾಗಿಲು ತೆಗೆದೇ ಇತ್ತು."

"ಸ್ವಲ್ಪ ಅಂದ್ರೆ?"

"ಟೋಪಿ ತುಂಬ."

ಹೊತ್ತಿಗೆ ಸರಿಯಾಗಿ, ಮೇಷ್ಟ್ರ ಫೋನಿನಿಂದ ಸುದ್ದಿ ತಿಳಿದ ತಕ್ಕಡಿಯವರ ಹೆಂಡತಿ ಕಂಬಳಿ ಹೊತ್ತು ಏದುಸಿರು ಬಿಡುತ್ತ ಓಣಿಯೊಳಗೆ ಬರುತ್ತಾರೆ. ಲಾಯದ ಹೊದಿಕೆಗಳನ್ನೂ ಜೀನಿನ ಕೆಳಗಿನ ಬಟ್ಟೆಗಳನ್ನೂ ಒಗೆದು ಹೊಲಿಯುವುದು ಅವರ ಕೆಲಸ. ಕಂಬಳಿಯನ್ನು ಸಾಹುಕಾರನ ಸೊಂಟದ ಮೇಲೆ ಹರಡಿ, ಮೂಲೆಗಳನ್ನು ಎಳೆದು ಸರಿಮಾಡುವಷ್ಟರಲ್ಲಿ ಅವರಿಗೆ ಮಾತಿನ ಜಾಡು ಸಿಕ್ಕಿಬಿಡುತ್ತದೆ.

"ನನ್ನನ್ಯಾಕೆ ನೋಡ್ತೀರಿ?"

ಯಾರೂ ಅವರನ್ನು ನೋಡಿರಲಿಲ್ಲ. ಈಗ ಎಲ್ಲರೂ ನೋಡುತ್ತಾರೆ.

"ಬಾರ್ಲಿ ನೆನೆಸಿದ್ದೆ," ಎನ್ನುತ್ತಾರೆ ಅವರು ಗಂಡನ ಕಡೆ ತಿರುಗದೆ. "ಒಂದು ಪಾತ್ರೆ. ಚಿಕ್ಕದು."

"ಯಾವ ಪಾತ್ರೆ?" ಗಂಡ ಕೇಳುತ್ತಾರೆ.

"ಹಿಟ್ಟು ಕಲಸೋದು."

"ಅದು ಚಿಕ್ಕದೇನೇ? ಅದರಲ್ಲಿ ನೀನು ಬಟ್ಟೆ ನೆನೆಸ್ತೀಯ."

"ಅರ್ಧಕ್ಕೇ ಇತ್ತು. ನೀವು ಕಾಳು ಕಮ್ಮಿ ಮಾಡ್ತೀರಲ್ಲ, ಹೊಟ್ಟೆ ಚುರುಗುಟ್ಟಲ್ವಾ ಅದಕ್ಕೆ. ಅಪ್ಪನ ಕಾಲದಿಂದ ನೋಡ್ತಿದೀನಿ ಈ ಅರ್ಧದ ಕಾಟ."

ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ತಾನೊಬ್ಬನೇ, ತಾನೊಬ್ಬಳೇ ಕುದುರೆಯ ಮೇಲೆ ಕರುಣೆಯಿಟ್ಟವರೆಂದು ನಂಬಿ, ಆಚೀಚೆ ನೋಡಿ, ಕೈ ಚಾಚಿದವರು. ಕುದುರೆಯ ಮೇಲೆ ಅಷ್ಟೇನೂ ಮಮತೆಯಿಲ್ಲದ ಲಾಯದಲ್ಲಿ ಈ ತಪ್ಪು ನಡೆಯಲು ಸಾಧ್ಯವೇ ಇಲ್ಲ. ಸಾಹುಕಾರನಂತೂ ಯಾರದ್ದನ್ನೂ ಬೇಡವೆನ್ನಲಿಲ್ಲ.

ಫೋನಿನಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಕೂಡಿಸುತ್ತಿದ್ದಾರೆ. "ಅಷ್ಟೇನಾ? ಇನ್ಯಾರೂ ಇಲ್ವಾ?"

ತಕ್ಕಡಿಯವರು ಫೋನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಾರೆ.

"ಇನ್ನೊಂದು ಬೊಗಸೆ ಸೇರಿಸ್ಕೊಳ್ಳಿ."

"ಯಾರದ್ದು?"

"ನಂದು."

ಹೆಂಡತಿ ಈಗ ತಿರುಗಿ ನೋಡುತ್ತಾರೆ. ಮೈದುನ ನೋಡುತ್ತಾನೆ. ತಕ್ಕಡಿಯವರು ಕಂಬಳಿಯ ಅಂಚನ್ನು ನೋಡುತ್ತ ಹೇಳುತ್ತಾರೆ: "ಚೀಲದ ತಳದಲ್ಲಿ ಒಂದಿಷ್ಟು ಉಳಿದಿತ್ತು. ಕೋಣೆ ಬಾಗಿಲು ಹಾಕೋಕೆ ಹೊರಟಾಗ ಇವನು ಕುತ್ತಿಗೆ ಚಾಚಿ ನಿಂತಿದ್ದ. ತೂಗದೇ ಕೊಟ್ಟೆ."

"ಐಸ್ ಇಡಿ," ಎನ್ನುತ್ತದೆ ಫೋನು. "ನಾಲ್ಕೂ ಗೊರಸಿಗೆ. ನಾನು ಬರೋವರೆಗೂ ಕಾಯ್ಬೇಡಿ."

ಐಸ್ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಬರುವುದು ವ್ಯಾನಿನ ಕಿಟಕಿಯಿಂದ. "ನಮ್ಮ ಬೇಕರೀಲಿ ಇದೆ. ಕ್ರೀಮಿಗೆ ಇಟ್ಟಿರ್ತಾರೆ." ಚಾಲಕ ಕಡೆಗೂ ಕೆಳಗಿಳಿದು, ಗೋಡೆಗೆ ಬೆನ್ನು ಒತ್ತಿ, ಕುದುರೆಯಿಂದ ಆದಷ್ಟು ದೂರದಲ್ಲಿ ಅಡ್ಡಡ್ಡ ಸರಿಯುತ್ತ ಬೇಕರಿಯತ್ತ ಹೋಗುತ್ತಾನೆ. ಬರುವಾಗ ತಲೆಯ ಮೇಲೆ ಐಸಿನ ಪೆಟ್ಟಿಗೆ. ಹಿಟ್ಟಿನ ಖಾಲಿ ಚೀಲಗಳಲ್ಲಿ ಐಸ್ ತುಂಬಿ, ತಕ್ಕಡಿಯವರು ನೆಲದ ಮೇಲೆ ಕುಳಿತು ಒಂದೊಂದೇ ಗೊರಸಿಗೆ ಕಟ್ಟುತ್ತಾರೆ. ಕಾಲು ಎತ್ತುವಂತಿಲ್ಲ; ನಿಂತ ಕಾಲಿಗೇ ಸುತ್ತಬೇಕು. ನಡುಗುವ ಹಿಂಗಾಲಿನ ಹತ್ತಿರ, ಕುದುರೆ ಕುಸಿದರೆ ತಪ್ಪಿಸಿಕೊಳ್ಳಲು ಜಾಗವಿಲ್ಲದ ಕಡೆ, ಅವರ ತಲೆ ಇದೆ.

"ಭಾವ, ಹಿಂದೆ ನಾನು ಕಟ್ತೀನಿ, ನೀವು ಏಳಿ."

"ನೀನು ಅವನ ಮುಖದ ಹತ್ರ ಇರು. ಅವನಿಗೆ ಬೇಕಾಗಿರೋದು ನಿನ್ನ ಮುಖ."

ಡಾಕ್ಟರಮ್ಮನ ಕಾರು ಓಣಿಯ ಬಾಯಲ್ಲೇ ನಿಲ್ಲುತ್ತದೆ. ವ್ಯಾನು ದಾಟಿ ಬರಲು ದಾರಿಯಿಲ್ಲ. ಎರಡು ಕೈಯಲ್ಲೂ ಚೀಲ ಹಿಡಿದು ಅವರು ನಡೆದೇ ಬರುತ್ತಾರೆ. ಯಾರನ್ನೂ ಮಾತಾಡಿಸದೆ ಮೊದಲು ಸಾಹುಕಾರನ ತುಟಿ ಮಡಚಿ ವಸಡಿನ ಬಣ್ಣ ನೋಡುತ್ತಾರೆ, ಎದೆಗೆ ಸ್ಟೆತೊಸ್ಕೋಪು ಇಟ್ಟು ಆಲಿಸುತ್ತಾರೆ, ಪಕ್ಕೆಗೆ ಇಟ್ಟು ಕರುಳಿನ ಸದ್ದು ಕೇಳುತ್ತಾರೆ. ಕರುಳು ಗುಡುಗುಡು ಎನ್ನುತ್ತಿದೆ, ಅಷ್ಟು ಸಮಾಧಾನ. ನೆಲದ ಮೇಲಿನ ಕಪ್ಪು ಕಲೆಯ ಮುಂದೆ ಕ್ಷಣ ಹೊತ್ತು ನಿಲ್ಲುತ್ತಾರೆ. ಆಮೇಲೆ ಕುತ್ತಿಗೆಯ ನರಕ್ಕೆ ಸೂಜಿ ಇಳಿಯುತ್ತದೆ. ಸಲೈನಿನ ದೊಡ್ಡ ಚೀಲಗಳನ್ನು ಎತ್ತರದಲ್ಲಿ ತೂಗುಹಾಕಬೇಕು, ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ. ಬ್ರೆಡ್ಡಿನ ತಟ್ಟೆಗಳನ್ನು ಸಿಕ್ಕಿಸುವ ಕೊಕ್ಕೆಯನ್ನು ವ್ಯಾನಿನ ಒಳಗಿನಿಂದ ಬಿಚ್ಚಿ ತಂದು, ಅದರ ಮುಂದಿನ ಮಾಡಿನಂಚಿಗೆ ಸಿಕ್ಕಿಸಿ, ಉದ್ದ ನಳಿಕೆ ಹಾಕಿ ಅವನ್ನು ಕಟ್ಟುತ್ತಾರೆ. ಬ್ರೆಡ್ಡು ಆಗಲೇ ತಣ್ಣಗಾಗಿದೆ.

"ಇನ್ನು?" ಎಂದು ಮೇಷ್ಟ್ರು ಕೇಳುತ್ತಾರೆ.

"ಇನ್ನು ಅವನು ಉಚ್ಚೆ ಹೊಯ್ಬೇಕು," ಎನ್ನುತ್ತಾರೆ ಡಾಕ್ಟರಮ್ಮ. "ಹೊಯ್ದ್ರೆ ಮೂತ್ರಪಿಂಡ ಕೆಲಸ ಮಾಡ್ತಿದೆ ಅಂತ. ಬಣ್ಣ ತಿಳಿಯಾದ್ರೆ ದಾರಿಗೆ ಬಂದ ಅಂತ. ಹೊಯ್ಯದೇ ಇದ್ರೆ ನನ್ನ ಹತ್ರ ಬೇರೆ ಮಾತಿಲ್ಲ."

ಲಾಯದವರಲ್ಲಿ ಒಂದು ಅಭ್ಯಾಸವಿದೆ. ಕುದುರೆ ಮೂತ್ರ ಮಾಡಲೆಂದು ಕಾಯುವಾಗ ಮೆಲ್ಲಗೆ ಸಿಳ್ಳೆ ಹಾಕುತ್ತಾರೆ. ಮರಿಯಿದ್ದಾಗಿನಿಂದ ಕೇಳಿದ ಆ ಸಿಳ್ಳೆಗೆ ಕುದುರೆಯ ಮೈ ತಾನಾಗಿ ಸಡಿಲುತ್ತದೆ. ಮೈದುನ ಸಾಹುಕಾರನ ಹಣೆಗೆ ಹಣೆ ಕೊಟ್ಟು ಸಿಳ್ಳೆ ಶುರುಮಾಡುತ್ತಾನೆ. ಒಂದು ಚೀಲ ಮುಗಿದು ಇನ್ನೊಂದು ಏರುತ್ತದೆ. ತುಟಿ ಒಣಗಿ ಸಿಳ್ಳೆ ಬರಿಯ ಗಾಳಿಯಾಗುತ್ತದೆ. ತಕ್ಕಡಿಯವರು ಮುಂದುವರಿಸುತ್ತಾರೆ. ಅವರ ಉಸಿರು ಮುಗಿದಾಗ ಮೇಷ್ಟ್ರ ಸರದಿ. ಬಿಸಿಲು ಗೋಡೆಯಿಂದ ಇಳಿದು ಓಣಿಯೊಳಕ್ಕೆ ಬಂದಾಗ ತಕ್ಕಡಿಯವರ ಹೆಂಡತಿ ಕಂಬಳಿ ತೆಗೆದು, ಬೇಕರಿಯ ಟಾರ್ಪಾಲನ್ನು ಗೋಡೆಯ ತಲೆಯ ಮೇಲಿಂದ ಇಳಿಬಿಟ್ಟು ವ್ಯಾನಿಗೆ ಕಟ್ಟಿ ನೆರಳು ಮಾಡುತ್ತಾರೆ. ಸಾಹುಕಾರನ ಕಣ್ಣು ಅರ್ಧ ಮುಚ್ಚಿದೆ. ನೋವಿನ ಔಷಧಿಗೆ ಬೆವರು ಆರಿದೆ. ಆದರೆ ನೆಲ ಒಣಗಿಯೇ ಇದೆ.

ಮೂವರೂ ಸೋತಾಗ ವ್ಯಾನಿನ ಕಡೆಯಿಂದ ಒಂದು ಸಿಳ್ಳೆ ಕೇಳಿಸುತ್ತದೆ, ಯಾವುದೋ ಹಾಡಿನ ಧಾಟಿಯಲ್ಲಿ.

"ಹಾಗಲ್ಲ ಕಣೋ," ಎನ್ನುತ್ತಾನೆ ಮೈದುನ. "ರಾಗ ಬೇಡ. ಸುಮ್ನೆ ಉದ್ದಕ್ಕೆ."

"ನಿಮ್ಮ ಉದ್ದಕ್ಕೆ ಕೇಳಿ ಕೇಳಿ ನನಗೇ ಎರಡು ಸಲ ಹೋಗ್ಬರೋ ಹಾಗಾಯ್ತು," ಎನ್ನುತ್ತಾನೆ ಚಾಲಕ. "ಅದಕ್ಕೆ ಬೇಜಾರಾಗಿರ್ಬೇಕು."

ಬೆಳಗಿನಿಂದ ಮೊದಲ ಬಾರಿಗೆ ಯಾರೋ ನಗುತ್ತಾರೆ. ತಕ್ಕಡಿಯವರು ನಗುವುದಿಲ್ಲ. ಅವರು ಕುದುರೆಯ ಹಿಂಬದಿಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಾರೆ, ಹಲಗೆ ಎಲ್ಲಾದರೂ ಮತ್ತೆ ಮಾಂಸವಾಗುತ್ತಿದೆಯೇ ಎಂದು ಹುಡುಕುತ್ತ. ಆ ಕೈಯ ಕೆಳಗೇ ಸಾಹುಕಾರನ ಮೈ ಕದಲುತ್ತದೆ. ಹಿಂಗಾಲುಗಳು ಅಗಲವಾಗುತ್ತವೆ. ಈ ಬಾರಿ ಧಾರೆ ನಿಲ್ಲದೆ ಬೀಳುತ್ತದೆ. ಡಾಕ್ಟರಮ್ಮ ಬೇಕರಿಯ ಗಾಜಿನ ಲೋಟವೊಂದರಲ್ಲಿ ಅದನ್ನು ಹಿಡಿದು, ಬಿಸಿಲಿಗೆ ಎತ್ತಿ ನೋಡುತ್ತಾರೆ.

"ಇನ್ನೂ ಬಣ್ಣ ಇದೆ," ಎನ್ನುತ್ತಾರೆ. "ಆದ್ರೆ ಇದು ತೆಳು ಚಹಾ. ಕಾಫಿ ಅಲ್ಲ."

ಮೈದುನ ಗೋಡೆಗೆ ಒರಗಿ ಕುಳಿತುಬಿಡುತ್ತಾನೆ. ಅಕ್ಕ ಅವನ ತಲೆಯ ಮೇಲೊಂದು ಮೊಟಕುತ್ತಾರೆ, ಆಮೇಲೆ ಅದೇ ತಲೆಯನ್ನು ಸವರುತ್ತಾರೆ. ಚಾಲಕ ಆ ಲೋಟ ಇನ್ನು ಬೇಕರಿಗೆ ಬೇಡವೆಂದು ಸ್ಪಷ್ಟವಾಗಿ ತಿಳಿಸುತ್ತಾನೆ.

ಸಂಜೆಯ ಹೊತ್ತಿಗೆ ಸಾಹುಕಾರ ಬೇಕರಿಯ ಅಂಗಳದವರೆಗಿನ ಆ ನಾಕು ಹೆಜ್ಜೆಗಳನ್ನು ಡಾಕ್ಟರಮ್ಮನ ಒಪ್ಪಿಗೆಯ ಮೇಲೆ ನಿಧಾನವಾಗಿ ಇಡುತ್ತಾನೆ. ಮುಂದಿನ ಕೆಲವು ದಿನ ಹಿಟ್ಟಿನ ಚೀಲಗಳ ಪಕ್ಕದಲ್ಲೇ ಅವನ ವಾಸ. ನೆನೆಸಿದ ಹುಲ್ಲು, ನೀರು, ಉಪ್ಪು; ಕಾಳಿನ ಮಾತೇ ಇಲ್ಲ. ದಿನವೂ ರಕ್ತ ಪರೀಕ್ಷೆಗೆ ಹೋಗುತ್ತದೆ, ಸ್ನಾಯು ಒಡೆದ ಅಂಶ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಗೊರಸುಗಳು ತಣ್ಣಗೇ ಉಳಿಯುತ್ತವೆ. ಹೊಸಬರನ್ನು ಹೊರುತ್ತಿದ್ದ ಮೊದಲಿನ ಬೆನ್ನು ಮತ್ತೆ ಬರುತ್ತದೋ ಇಲ್ಲವೋ ಎಂಬುದನ್ನು ಡಾಕ್ಟರಮ್ಮ ಇನ್ನೂ ಹೇಳಲು ಸಿದ್ಧರಿಲ್ಲ. ಒಮ್ಮೆ ಕಂಡ ಬೇನೆ ಮತ್ತೆ ಬಾಗಿಲು ತಟ್ಟಬಹುದು. ಬದುಕಿದ್ದಷ್ಟು ದಿನ ಅವನ ಬಕೆಟ್ಟಿನ ಮೇಲೆ ಕಣ್ಣಿಡಬೇಕು.

ಸಾಹುಕಾರ ಲಾಯಕ್ಕೆ ಮರಳಿದ ಮೇಲೆ ಅಲ್ಲಿನ ಪದ್ಧತಿಯೊಂದು ಬದಲಾಗಿದೆ. ರಜೆಯ ದಿನ ಬೆಳಿಗ್ಗೆ ತೂಗುವುದು ಮುಗಿದ ಕೂಡಲೇ ಕಾಳಿನ ಕೋಣೆಗೆ ಬೀಗ ಬೀಳುತ್ತದೆ, ಬೀಗದ ಕೈ ಲಾಯದೊಳಗೆ ಯಾರ ಬಳಿಯೂ ಉಳಿಯುವುದಿಲ್ಲ. ಅದು ಬ್ರೆಡ್ ವ್ಯಾನಿನ ಚಾಲಕನ ಜೇಬಿಗೆ ಹೋಗುತ್ತದೆ. ಸಂಜೆ ತೂಗುವ ಹೊತ್ತಿಗೆ ಅವನೇ ತಂದುಕೊಟ್ಟು, ಗೇಟಿನ ಹೊರಗೇ ಕಾದು ನಿಂತು, ವಾಪಸು ಒಯ್ಯುತ್ತಾನೆ.

"ಅವನೇ ಯಾಕೆ ಅಂದ್ರೆ," ತಕ್ಕಡಿಯವರು ವಿವರಿಸುತ್ತಾರೆ, "ಅವನಿಗೆ ಕುದುರೆ ಕಂಡ್ರೆ ಆಗಲ್ಲ. ನಮ್ಮಲ್ಲಿ ಅಂಥವರು ಬೇರೆ ಯಾರೂ ಇಲ್ಲ."

ಮೈದುನನಿಗೆ ಈ ಏರ್ಪಾಡು ಹಿಡಿಸಿಲ್ಲ. ನಂಬಿಕೆಯೇ ಇಲ್ಲವೇ ಎಂದು ಅವನು ಎಲ್ಲರೆದುರು ಕೇಳಿದ್ದಾನೆ. ಭಾವನ ಉತ್ತರ ಚಿಕ್ಕದು: "ನಿನ್ನ ಮೇಲಿದೆ. ನಿನ್ನ ಕೈ ಮೇಲಿಲ್ಲ. ನನ್ನ ಕೈ ಮೇಲೂ ಇಲ್ಲ." ಅಕ್ಕ ಮಾತ್ರ ಇನ್ನೂ ಅರ್ಧದ ಲೆಕ್ಕವನ್ನು ಒಪ್ಪಿಲ್ಲ. ಹಿಟ್ಟು ಕಲಸುವ ಪಾತ್ರೆಯನ್ನು ಗಂಡ ಅಟ್ಟದ ಮೇಲೆ ಇಟ್ಟಿದ್ದಾರೆ ಎಂಬುದು ಅವರ ದೂರು.

ಅದಾಗಿ ಕೆಲವು ವಾರ ಕಳೆದಿವೆ; ನಿನ್ನೆ ಮತ್ತೆ ರಜೆ ಇತ್ತು. ಇಂದು ಬೆಳಗ್ಗೆ ಸಾಹುಕಾರನನ್ನು ಜೀನಿಲ್ಲದೆ ಅಂಗಳದಲ್ಲಿ ಒಂದು ಸುತ್ತು ನಡೆಸುತ್ತಾರೆ. ತಕ್ಕಡಿಯವರು ಅವನ ಜೊತೆಜೊತೆಗೇ ನಡೆಯುತ್ತಾರೆ, ಒಂದು ಕೈ ಅವನ ಹಿಂಬದಿಯ ಮೇಲೆ. ಹೆಜ್ಜೆ ಹೆಜ್ಜೆಗೂ ಅಲ್ಲಿನ ಮಾಂಸ ಅಲುಗುವುದನ್ನು ಅಂಗೈಯಿಂದ ಓದುತ್ತ ಸುತ್ತು ಮುಗಿಸುತ್ತಾರೆ. ಸಾಹುಕಾರ ನಿಂತು, ಅವರ ಜೇಬನ್ನು ಮೂಸಿ, ಏನೂ ಸಿಗದೆ ದೊಡ್ಡದಾಗಿ ಉಸಿರುಬಿಡುತ್ತಾನೆ.

ಇಷ್ಟು ವರ್ಷಗಳ ಕೆಲಸದಲ್ಲಿ ಹೆಮ್ಮೆಪಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದಾಗ ಅವರು ಕುದುರೆಯ ಕುತ್ತಿಗೆಯನ್ನು ಕೆರೆಯುತ್ತಲೇ ಇರುತ್ತಾರೆ.

"ನಿನ್ನೆ ಇವನು ದಿನವಿಡೀ ಕುತ್ತಿಗೆ ಚಾಚ್ಕೊಂಡು ನಿಂತಿದ್ದ," ಎನ್ನುತ್ತಾರೆ ಕಡೆಗೆ. "ಎಲ್ರೂ ಬಂದ್ರು, ಮುಖ ನೋಡಿದ್ರು, ಹೋದ್ರು. ಯಾರೂ ಏನೂ ಕೊಡ್ಲಿಲ್ಲ. ನಾನೂ ಕೊಡ್ಲಿಲ್ಲ."